ಹೇಳಿ ಎದ್ದು ಹೋಗದವಳು

ಆಕೆಯ ಬೆರಳ ತುದಿಗಳು ಬೆಂದ ಗೆಣಸಿನ ಹಾಗೆ ಬಿಳಿಚಿಕೊಂಡು ಸುಕ್ಕಾಗಿದ್ದವು. ಕನಕಪುರದಲ್ಲಿ ನಮ್ಮ ಕ್ರೈಸ್ತರ ಕೇರಿಯ ಹಿಂದೆ ಸಾಬರೊಬ್ಬರ ರೀಲಿಂಗ್ ಶೆಡ್ಡಿತ್ತು. ಅಲ್ಲಿ ವಯಸ್ಸಿಗೆ ಬಂದಾಗಿನಿಂದ ಬಿಸಿನೀರಿಗೆ ಕೈ ಹಾಕಿ ರೇಷ್ಮೆಗೂಡಿನ ಎಳೆ ಎತ್ತಿದ ಕೈಗಳು ಅವು. ಸುಟ್ಟರೂ ತಿಳಿಯುತ್ತಿರಲಿಲ್ಲ, ಮುಳ್ಳು ಚುಚ್ಚಿದರೂ ತಿಳಿಯುತ್ತಿರಲಿಲ್ಲ. ಜಪಸರದ ಮಣಿಯೂ ಬೆರಳಿಗೆ ತಿಳಿಯದೆ, ಕಣ್ಣಲ್ಲಿ ನೋಡಿಕೊಂಡೇ ದಾಟಿಸಬೇಕಿತ್ತು. "ಎಲ್ಲಾರೂ ಕಣ್ ಮುಚ್ಕಂಡು ಜಪ ಮಾಡ್ತಾರೆ, ನಾನು ಕಣ್ ಬುಟ್ಕಂಡು ಮಾಡ್ತೀನಿ. ದೇವ್ರಿಗೂ ಒಸಿ ಭಯ ಇರ್ಲಿ" ಅಂತ ನಗುತ್ತಿದ್ದಳು.

ಕೇರಿಯಲ್ಲಿ ನಾವೆಲ್ಲ ಆಕೆಯನ್ನು ಜಪದಜ್ಜಿ ಅನ್ನುತ್ತಿದ್ದೆವು. ಯಾರ ಮನೆಯಲ್ಲಿ ಕಾಯಿಲೆಯಾದರೂ ಸಂಜೆ ಶೆಡ್ಡಿನಿಂದ ನೇರ ಅಲ್ಲಿಗೆ ಬಂದು ಜಪ ಹೇಳಿಕೊಡುವುದು ಆಕೆಯ ಕೆಲಸ. ಯಾರೂ ನೇಮಿಸಿದ್ದಲ್ಲ. ಸೀರೆಯಲ್ಲಿ ರೇಷ್ಮೆಹುಳುವಿನ ವಾಸನೆ ಇರುತ್ತಿತ್ತು. ಮೂಗು ಮುಚ್ಚಿಕೊಂಡವರ ಪಕ್ಕದಲ್ಲೇ ಬೇಕೆಂದು ಹೋಗಿ ಕೂರುತ್ತಿದ್ದಳು.

ಬಾಯಿ ಒರಟು. ಆದರೆ ನಿಜ ಹೇಳುತ್ತೇನೆ ಅಂತ ಎದೆ ಉಬ್ಬಿಸಿಕೊಂಡು ತಿರುಗುವವರನ್ನು ಕಂಡರೆ ಆಕೆಗೆ ಆಗುತ್ತಿರಲಿಲ್ಲ. ಒಂದು ಸಲ ನಲ್ಲಿಯ ಹತ್ತಿರ ಜಗಳವಾಗಿ, ನಮ್ಮ ಕೇರಿಯ ಹೆಂಗಸೊಬ್ಬಳು ಹೈಸ್ಕೂಲಿಗೆ ಹೋಗುವ ಒಂದು ಹುಡುಗಿಗೆ, "ನೀನು ಹೆತ್ತ ಮಗಳೇ ಅಲ್ಲ, ಎಲ್ಲಿಂದಲೋ ತಂದಿದ್ದು" ಅಂದುಬಿಟ್ಟಳು. ಹುಡುಗಿ ಕೊಡ ಬಿಟ್ಟು ಓಡಿದಳು. ಸಂಜೆ ಜಪದಜ್ಜಿ ಆ ಹೆಂಗಸಿನ ಮನೆ ಬಾಗಿಲಿಗೇ ಹೋದಳು.

"ನಾನೇನ್ ಸುಳ್ ಹೇಳಿದ್ನಾ?" ಅಂತ ಆ ಹೆಂಗಸು ಸೊಂಟಕ್ಕೆ ಕೈ ಇಟ್ಟಳು.

"ನಿಜಾನೇ ಹೇಳ್ದೆ ಕಣವ್ವ. ಹೇಳ್ಬುಟ್ಟು ಬಿಂದಿಗೆ ಎತ್ಕಂಡು ಬಂದು ಸಾರು ಕಾಯ್ಸಿದೆ. ಆ ಮಗೀನ ಯಾರ್ ಹಿಡ್ಕಂಡ್ರು? ಯೇಸುಸ್ವಾಮೀನೂ ಬಾವಿ ತಾವ ಒಂದ್ ಹೆಂಗಸ್ಗೆ ಅವಳ ಸಂಸಾರದ್ ನಿಜಾನೆಲ್ಲ ಬಿಡ್ಸಿ ಹೇಳ್ದ. ಹೇಳ್ಬುಟ್ಟು ಓಡೋಗ್ನಿಲ್ಲ. ಅವಳ ಊರ್ಗೇ ಹೋಗಿ ಉಳ್ಕಂಡ. ಹೇಳಿದ್ ಮೇಲೆ ಅಲ್ಲೇ ಕೂತ್ಕಬೇಕು. ಕೂರಕ್ ಪುರ್ಸೊತ್ತಿಲ್ದೋರು ಬಾಯ್ ಮುಚ್ಕಂಡಿರ್ಬೇಕು."

ಆಮೇಲೆ ಆ ಹುಡುಗಿಯ ಮನೆಗೆ ಹೋಗಿ, ಅವಳು ಒಂದು ತುತ್ತು ತಿನ್ನುವ ತನಕ ಎದ್ದು ಬರಲಿಲ್ಲ.

ನಾನು ಪಾದ್ರಿಯಾಗುವವರು ಓದುವ ಸೆಮಿನರಿಯ ಮೆಟ್ಟಿಲು ಹತ್ತಿದವನಲ್ಲ. ಸತ್ಯ, ಕರುಣೆ ಎರಡರ ಬಗ್ಗೆಯೂ ಕೈಗೆ ಸಿಕ್ಕಿದ್ದನ್ನೆಲ್ಲ ಓದಿಕೊಂಡಿದ್ದೇನೆ, ಈಗಲೂ ಓದುತ್ತಿದ್ದೇನೆ. ಓದಿದಷ್ಟೂ ಸಿಟ್ಟು ಹೆಚ್ಚುತ್ತದೆ. ಯಾಕೆಂದರೆ ನಮ್ಮ ಮನೆಯಲ್ಲಿ ಕರುಣೆ ಅನ್ನುವ ಹೆಸರಿನಲ್ಲಿ ನಡೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನನ್ನ ಅಮ್ಮ ಉಯ್ಯಂಬಳ್ಳಿ ಕಡೆಯವಳು, ಕುರಿ ಸಾಕುವವರ ಮನೆಯವಳು. ಅಪ್ಪನನ್ನು ಇಷ್ಟಪಟ್ಟು ಬಂದು ಚರ್ಚಿನಲ್ಲಿ ಮದುವೆಯಾದಳು. ಅವತ್ತಿನಿಂದ ಅವಳ ತಾಯಿ ಇತ್ತ ಮುಖ ಹಾಕಲಿಲ್ಲ. ಪ್ರತಿ ಕ್ರಿಸ್‌ಮಸ್ಸಿಗೂ ಅಮ್ಮ, "ಮುಂದಿನ್ ವರ್ಸ ಹೋಗಿ ಕಾಲಿಗ್ ಬಿದ್ದು ಬತ್ತೀನಿ" ಅನ್ನುತ್ತಿದ್ದಳು. ಮುಂದಿನ ವರ್ಷ ಇದ್ದೇ ಇರುತ್ತದೆ ಅಂತಲ್ಲವೇ ನಾವೆಲ್ಲ ಅಂದುಕೊಳ್ಳುವುದು.

ನಾನು ಹಾರೋಹಳ್ಳಿಯ ಫ್ಯಾಕ್ಟರಿಗೆ ಸೇರಿದ ಹೊಸತರಲ್ಲಿ ಅಮ್ಮ ಹಾಸಿಗೆ ಹಿಡಿದಳು. ಬೆಂಗಳೂರಿನ ಡಾಕ್ಟರು, ಹೊಟ್ಟೆಯ ಗಡ್ಡೆ ಲಿವರಿಗೂ ಹರಡಿದೆ, ಮನೆಗೆ ಕರೆದುಕೊಂಡು ಹೋಗಿ ಅಂದಿದ್ದರಂತೆ. ಅಂದದ್ದು ಅಪ್ಪನ ಅಣ್ಣನಿಗೆ, ಅಂದರೆ ನನ್ನ ದೊಡ್ಡಪ್ಪನಿಗೆ. ನಮ್ಮ ಮನೆಯ ಯಜಮಾನಿಕೆಯೆಲ್ಲ ಅವರದ್ದೇ. ಅಪ್ಪ ಅವರೆದುರು ಕತ್ತೆತ್ತಿದವರಲ್ಲ. "ಅಲ್ಸರ್ ಅಂತ ಹೇಳ್ರೀ ಎಲ್ಲಾರೂ. ನಿಜ ಕೇಳಿದ್ರೆ ಎದೆ ಒಡ್ಕಂಡು ನಾಳೇನೇ ಸತ್ತೋಯ್ತಾಳೆ" ಅಂತ ದೊಡ್ಡಪ್ಪ ಮನೆಮನೆಗೂ ಹೋಗಿ ಕಟ್ಟಪ್ಪಣೆ ಮಾಡಿದ್ದರು. ಅಂದರೆ ಕೇರಿಗೆಲ್ಲ ಗೊತ್ತು. ಅಮ್ಮನಿಗೆ ಮಾತ್ರ ಗೊತ್ತಿಲ್ಲ. ನನಗೂ ಗೊತ್ತಿಲ್ಲ! ಬಾಯಿ ಬಿಡುತ್ತೇನೆ ಅಂತ ನನ್ನನ್ನೂ ಅಲ್ಸರಿನಲ್ಲೇ ಇಟ್ಟಿದ್ದರು. ಫಾದರ್ ಬಳಿಗೂ ಹೋಗಿ, "ಈಗ್ಲೇ ಎಣ್ಣೆ ತರ್ಬೇಡಿ, ಅನುಮಾನ ಬತ್ತದೆ. ಜ್ಞಾನ ತಪ್ಪಿದ್ ಮೇಲೆ ಹಚ್ಚುದ್ರಾಯ್ತು. ಮೊದ್ಲೇ ಬರೋದಾದ್ರೆ ನಿಲುವಂಗಿ ಬುಟ್ಟು ಪ್ಯಾಂಟ್ ಷರ್ಟಲ್ಲಿ ಬನ್ನಿ" ಅಂದಿದ್ದರು. ಸಾಯುವವರಿಗೆ ಪವಿತ್ರ ಎಣ್ಣೆ ಹಚ್ಚಿ ಧೈರ್ಯ ಕೊಡಲೆಂದೇ ಇರುವ ಸಂಸ್ಕಾರವನ್ನು ಆ ಮನುಷ್ಯ ಅಮ್ಮನಿಂದಲೇ ಬಚ್ಚಿಡಲು ಹೊರಟಿದ್ದರು.

ಜಪದಜ್ಜಿ ದೊಡ್ಡಪ್ಪನಿಗೆ ಮೊದಲೇ ಹೇಳಿದ್ದಳಂತೆ: "ಮನೆಯೋರು ನೀವೇ ಹೇಳಿ. ನಾನಾಗೇ ಬಾಯ್ ಬುಡಾಕಿಲ್ಲ. ಆದ್ರೆ ಅವಳಾಗಿ ನನ್ನ ಕೇಳಿದ್ ದಿನ ಸುಳ್ಳಂತೂ ಹೇಳಾಕಿಲ್ಲ."

ಮರಿಯಮ್ಮನವರ ಜಪದಲ್ಲಿ ಮೊದಲರ್ಧ ಹೇಳಿಕೊಡುವವರದ್ದು, ಉಳಿದರ್ಧ ಕೂತವರದ್ದು. ಆ ಉಳಿದರ್ಧದ ಕೊನೆಯಲ್ಲಿ 'ನಮ್ಮ ಮರಣ ಸಮಯದಲ್ಲಿ' ಅಂತ ಒಂದು ಮಾತು ಬರುತ್ತದೆ. ಅಮ್ಮನ ಮುಂದೆ ಆ ಮಾತು ಆಡಬಾರದು ಅಂತ ದೊಡ್ಡಪ್ಪ ಎಲ್ಲರಿಗೂ ಪಾಠ ಮಾಡಿದ್ದರು. ಆ ಜಾಗ ಬಂದಾಗ ಎಲ್ಲರೂ ಗುಳುಗುಳು ಅಂದು ನುಂಗಬೇಕು.

ಸಂಜೆಯ ಶಿಫ್ಟಿನಿಂದಾಗಿ ಅಲ್ಲಿಯ ತನಕ ಜಪಕ್ಕೆ ಸಿಗದಿದ್ದ ನಾನು ಒಂದು ದಿನ ಬೇಗ ಶಿಫ್ಟು ಮುಗಿಸಿ ಬಂದು, ಕೈಕಾಲು ತೊಳೆದು ಕೂತೆ. ಈ ಪಾಠ ಗೊತ್ತಿಲ್ಲದೆ ಜಪವನ್ನು ಪೂರ್ತಿ, ಜೋರಾಗಿ ಹೇಳಿದೆ. ಕೋಣೆಯಲ್ಲಿ 'ಮರಣ' ಅಂದದ್ದು ನನ್ನದೊಂದೇ ಗಂಟಲು. ದೊಡ್ಡಪ್ಪ ತೊಡೆ ಚಿವುಟಿದರು.

ಅಮ್ಮ ದಿಂಬಿನಿಂದ ತಲೆ ಎತ್ತಿದಳು. "ಯಾಕ್ ಹುಡ್ಗನ್ನ ಚಿವುಟ್ತೀರಿ? ಅವ್ನೊಬ್ಬ ಸರ್ಯಾಗ್ ಹೇಳ್ತಾವ್ನೆ. ನೀವೆಲ್ಲ ದಿನಾಲೂ ಅಲ್ಲಿಗ್ ಬಂದಾಗ ಬಾಯಲ್ಲಿ ಬಜ್ಜಿ ಇಟ್ಕಂಡಂಗೆ ಆಡ್ತೀರಿ."

"ಮರ್ತೋಯ್ತದೆ ಕಣಮ್ಮ" ಅಂದರು ದೊಡ್ಡಪ್ಪ.

"ಹುಟ್ಟಿದಾಗ್ಲಿಂದ ಹೇಳೋ ಜಪ ಮರ್ತೋಯ್ತದಾ?" ಅಮ್ಮ ಜಪದಜ್ಜಿಯ ಕಡೆ ತಿರುಗಿದಳು. "ಅವ್ವಾ, ನೀನ್ ಹೇಳು. ನಾನು ಉಳ್ಯಾಕಿಲ್ವಾ?"

ದೊಡ್ಡಪ್ಪ ಕಣ್ಣು ಕೆಂಪು ಮಾಡಿದರು. ಜಪದಜ್ಜಿ ಜಪಸರ ಮಡಿಲಲ್ಲಿಟ್ಟು ಅಮ್ಮನ ಕೈ ಹಿಡಿದಳು.

"ನಿಂಗೇನ್ ಅನ್ನಿಸ್ತೈತೆ ಮಗಾ?"

"ಇಲ್ಲ ಅನ್ನಿಸ್ತೈತೆ."

"ಹೂಂ ಕಣವ್ವ. ಉಳ್ಯಾಕಿಲ್ಲ. ಡಾಕ್ಟ್ರು ಹೇಳವ್ರೆ."

ಅಮ್ಮ ಕಿರುಚಿದಳು. ಲೋಟ ಎಸೆದಳು. ಅದು ಅಜ್ಜಿಯ ಹಣೆಗೆ ಬಿತ್ತು. ಬೈದಳು, ಅಪ್ಪನನ್ನು ಬೈದಳು, ದೇವರನ್ನು ಬೈದಳು. ನನಗೂ ನಿಜ ತಿಳಿದದ್ದು ಆಗಲೇ. "ಕೊಂದ್ಬುಟ್ಯಲ್ಲೇ ಮುದ್ಕಿ, ಎದ್ದೋಗ್ ಆಚೆಗೆ!" ಅಂದರು ದೊಡ್ಡಪ್ಪ. "ನಾನ್ ಎದ್ದೋಗಾಕಿಲ್ಲ, ನೀನ್ ಬೇಕಾದ್ರೆ ಹೋಗು" ಅಂದ ಅಜ್ಜಿ ಹಿಡಿದ ಕೈ ಬಿಡಲಿಲ್ಲ. ಮಾರನೆಯ ದಿನ ಶೆಡ್ಡಿಗೂ ಹೋಗಲಿಲ್ಲ. ಅಮ್ಮ ಎದೆ ಒಡೆದುಕೊಂಡು ಸಾಯಲೂ ಇಲ್ಲ. ಅತ್ತು ಅತ್ತು ಸುಸ್ತಾಗಿ, ಗಂಜಿ ಕುಡಿದು, ಮೊದಲು ಕೇಳಿದ್ದು ತನ್ನ ತಾಯಿಯನ್ನು.

ಉಯ್ಯಂಬಳ್ಳಿಗೆ ಹೋಗಲು ಅಪ್ಪನಿಗೆ ಧೈರ್ಯವಿರಲಿಲ್ಲ. ದೊಡ್ಡಪ್ಪನಿಗೆ ಮನಸ್ಸಿರಲಿಲ್ಲ. ಜಪದಜ್ಜಿಯೇ ಬಸ್ಸು ಹತ್ತಿದಳು. ಅಲ್ಲಿ ನನ್ನ ಅಮ್ಮನ ತಾಯಿ, "ನಂಗೆ ಮಗಳೇ ಇಲ್ಲ" ಅಂತ ಬಾಗಿಲು ಹಾಕಿಕೊಂಡರಂತೆ. ಜಪದಜ್ಜಿ ವಾಪಸ್ ಬರಲಿಲ್ಲ. "ಏನ್ ಮಾಡ್ದೆ ಅಜ್ಜಿ?" ಅಂತ ಆಮೇಲೆ ಕೇಳಿದೆ. "ರಾತ್ರಿಯೆಲ್ಲಾ ಕುರಿ ಜೊತೇಲಿ ಕೂತ್ಕಂಡಿದ್ದೆ. ಕುರಿ ಒಳ್ಳೆ ಜಾತಿ ಕಣ್ಲಾ, ಒಂದೂ ಎದ್ದೋಗು ಅನ್ನಿಲ್ಲ" ಅಂದಳು.

ಮಾರನೆಯ ಬೆಳಿಗ್ಗೆ ಇಬ್ಬರೂ ಮುದುಕಿಯರು ಒಂದೇ ಬಸ್ಸಿನಲ್ಲಿ ಬಂದಿಳಿದರು. ಅಮ್ಮನ ತಾಯಿ ಒಳಗೆ ಬಂದವರೇ, "ತಲೆ ನೋಡು, ಕಾಗೆ ಗೂಡಾಗೈತೆ" ಅಂತ ಗದರಿ, ಮಗಳ ತಲೆಯನ್ನು ತೊಡೆಗೆ ಎಳೆದುಕೊಂಡು ಬಾಚತೊಡಗಿದರು. ಆಮೇಲೆ ಊರಿಗೆ ವಾಪಸ್ ಹೋಗಲಿಲ್ಲ. ಅಮ್ಮ ಹೇಳಿ ಕಳಿಸಿದ ಮೇಲೆ ಫಾದರ್ ಬಿಳಿ ನಿಲುವಂಗಿಯಲ್ಲೇ ಬಂದರು. ಎಣ್ಣೆ ಹಚ್ಚುವಾಗ ಅಮ್ಮ ಕಣ್ಣು ತೆರೆದಿದ್ದಳು, ತಾನೇ ಅಂಗೈ ಮುಂದೆ ಚಾಚಿದಳು.

ಅಮ್ಮನನ್ನು ಮಣ್ಣು ಮಾಡಿದ ಮೇಲೆ ದೊಡ್ಡಪ್ಪ ಕೇರಿಯ ಹಿರಿಯರನ್ನು ಸೇರಿಸಿ, ಇನ್ನು ಮೇಲೆ ಕಾಯಿಲೆಯವರ ಮನೆಗೆ ಜಪದಜ್ಜಿಯನ್ನು ಕರೆಯಕೂಡದು ಅಂತ ತೀರ್ಮಾನ ಮಾಡಿಸಿದರು. ಕರುಣೆಯಿಲ್ಲದ ಬಾಯಂತೆ! ಎಲ್ಲರೂ ತಲೆಯಾಡಿಸಿದರು. ಎಷ್ಟೋ ಮನೆಗಳಲ್ಲಿ ಆಕೆ ರಾತ್ರಿಯೆಲ್ಲ ಹೇಲು ಉಚ್ಚೆ ಬಳಿದಿದ್ದು ಯಾರಿಗೂ ನೆನಪಾಗಲಿಲ್ಲ. ಮುಂದಿನ ವರ್ಷಗಳಲ್ಲಿ ಆಕೆ ತನ್ನ ಮನೆಯ ಜಗುಲಿಯಲ್ಲೇ ಜಪ ಮಾಡಿದಳು. ಶಿಫ್ಟು ಇಲ್ಲದ ಸಂಜೆ ನಾನು ಹೋಗಿ ಉಳಿದರ್ಧ ಹೇಳುತ್ತಿದ್ದೆ. ದೊಡ್ಡಪ್ಪನನ್ನು ಬೈದರೆ, "ಸಾಕು ನಿಲ್ಸು. ಅವ್ನಿಗೆ ಭಯ ಕಣ್ಲಾ, ಅದ್ಕೇ ಕರುಣೆ ಅಂತ ಹೆಸ್ರು ಇಟ್ಕಂಡವ್ನೆ" ಅನ್ನುತ್ತಿದ್ದಳು. ಆಕೆಗೆ ಸಿಟ್ಟಿರಲಿಲ್ಲ. ನನಗಿದೆ.

ಹೋದ ವರ್ಷ ಜಪದಜ್ಜಿ ತೀರಿಕೊಂಡಳು. ಸಮಾಧಿಯ ಹತ್ತಿರ ಕೇರಿಯವರೆಲ್ಲ ಪುಣ್ಯಾತ್ಮಳು, ಮಹಾತಾಯಿ ಅನ್ನುತ್ತಿದ್ದರು. ನಾನು ಫೋನು ಮಾಡಿ ತಿಳಿಸಿದ್ದಕ್ಕೆ ಅಮ್ಮನ ತಾಯಿ ಕೋಲೂರಿಕೊಂಡು ಬಂದಿದ್ದರು. ಹಿಡಿ ಮಣ್ಣು ಹಾಕಿ, ದೊಡ್ಡಪ್ಪನ ಎದುರಿಗೇ ನೇರ ನಿಂತು ಕೇಳಿದರು: "ನನ್ ಮಗ್ಳು ಸಾಯ್ತಾವ್ಳೆ ಅಂತ ನಿಮ್ಮೂರಲ್ಲಿ ಇಷ್ಟೊಂದ್ ಜನಕ್ಕೆ ಗೊತ್ತಿತ್ತಲ್ಲ. ಬಂದು ಹೇಳಿದ್ದು ಇವ್ಳೊಬ್ಳೇ. ಮಿಕ್ಕೋರೆಲ್ಲ ಏನ್ ಮಾಡ್ತಿದ್ರಿ?"

ದೊಡ್ಡಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು.

ಅಮ್ಮ ಕೊನೆಯ ದಿನಗಳಲ್ಲಿ ನನ್ನನ್ನು ಹತ್ತಿರ ಕೂರಿಸಿಕೊಂಡು, "ಹೋಗ್ತೀನಿ ಮಗಾ. ಅಳು ಬಂದ್ರೆ ಅತ್ತುಬುಡು, ಹೊಟ್ಟೇಲಿ ಇಟ್ಕಬೇಡ" ಅಂದಿದ್ದಳು. ನನ್ನ ಅಮ್ಮ ನನಗೆ ಹೇಳಿ ಹೋದಳು. ಅಷ್ಟನ್ನೂ ಕಿತ್ತುಕೊಳ್ಳಲು ನಮ್ಮವರು ಸಿದ್ಧರಾಗಿದ್ದರು. ಅವರ ಕೈಯಿಂದ ಅದನ್ನು ಬಿಡಿಸಿ ಕೊಟ್ಟವಳು ಜಪದಜ್ಜಿ.