ಕಲೆಕ್ಟರ್ ಸಾಹೇಬರ ಕಪ್ಪೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಕಪ್ಪೆ ನನ್ನದು. ಹ್ಯಾರಿಸ್‌ಡೇಲಿನ ಕನ್ನಡದವರು ಇವತ್ತಿಗೂ ಆ ಸಂಜೆಯನ್ನು ನೆನೆದು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ನಕ್ಕು ಮುಗಿಸಿ "ಪಾಪ, ಆ ಮುದುಕನಿಗೆ ಮರೆವು" ಎನ್ನುತ್ತಾರೆ. ಮರೆವಲ್ಲ. ಅದು ಹನ್ನೊಂದು ವರ್ಷದ ಒಂದು ಕಪಿಯ ಕೆಲಸ. ಆ ಕಪಿ ಈಗ ಗಡ್ಡ ಬಿಟ್ಟುಕೊಂಡು ಇದನ್ನು ಬರೆಯುತ್ತಾ ಕೂತಿದೆ.

ಎರಡು ಸಾವಿರದ ಹದಿಮೂರು. ಪರ್ತ್ ನಗರದ ತೆಂಕಣ ಅಂಚಿನಲ್ಲಿ ಹ್ಯಾರಿಸ್‌ಡೇಲ್ ಇನ್ನೂ ಕಣ್ಣು ಬಿಡುತ್ತಿದ್ದ ಕಾಲ. ಮರಗಳಿಗಿಂತ ಮರಳೇ ಹೆಚ್ಚು. ಗಾಳಿ ಬೀಸಿದರೆ ಬೆಳಗಿನ ದೋಸೆಯೂ ಕರಕರ. ಪಿಯಾರಾ ವಾಟರ್ಸ್ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ಒಂದು ದೊಡ್ಡ ಹೊಂಡ. ಬಿಸಿಲೇರಿತೆಂದರೆ ಅದರ ತುಂಬ ಕಪ್ಪೆಗಳು. ಅಲ್ಲಿಯ ಕಪ್ಪೆ ನಮ್ಮ ಮೈಸೂರಿನ ಕಪ್ಪೆಯ ಹಾಗೆ ವಟಗುಟ್ಟುವುದಿಲ್ಲ. ಗೇರ್ ಬದಲಿಸಿಕೊಂಡು ದಿಣ್ಣೆ ಹತ್ತುವ ಬೈಕಿನ ಹಾಗೆ ಡುರ್ರ್ ಎನ್ನುತ್ತದೆ. ಊರವರು ಅದನ್ನು ಮೋಟರ್‌ಬೈಕ್ ಕಪ್ಪೆ ಎಂದೇ ಕರೆಯುತ್ತಾರೆ. ನಾನು ಅದನ್ನು ಎಷ್ಟು ಚೆನ್ನಾಗಿ ಅಣಕಿಸುತ್ತಿದ್ದೆನೆಂದರೆ, ಎರಡು ವಾರಕ್ಕೊಮ್ಮೆ ಗಣಿಯಿಂದ ಮನೆಗೆ ಬರುತ್ತಿದ್ದ ಅಪ್ಪ "ಯಾವನೋ ಅವ್ನು ಬೈಕಲ್ಲಿ ಬಂದೋನು?" ಎಂದು ಲುಂಗಿಯಲ್ಲೇ ಬಾಗಿಲಿಗೆ ಓಡಿದ್ದರು.

ಜೊತೆಯ ಮಕ್ಕಳೆಲ್ಲ ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು. ನಾನು ಮಾತ್ರ ಕನ್ನಡ ಬಿಡಲಿಲ್ಲ. ಭಾಷಾಭಿಮಾನ ಅಂದುಕೊಳ್ಳಬೇಡಿ, ಅಂಕಲ್‌ಗಳನ್ನು ಇಂಗ್ಲಿಷಿನಲ್ಲಿ ಅಣಕಿಸಿದರೆ ಯಾರೂ ನಗುತ್ತಿರಲಿಲ್ಲ, ಅಷ್ಟೇ. ಪ್ರತಿ ನವೆಂಬರ್‌ನಲ್ಲಿ ರಾಜ್ಯೋತ್ಸವದ ದಿನ ಕನ್ನಡ ಸಂಘದ ವೇದಿಕೆಯ ಮೇಲೆ ನನಗೆ ಹತ್ತು ನಿಮಿಷ ಇರುತ್ತಿತ್ತು. ಮೂಗಿನಲ್ಲಿ ಮಾತಾಡುವ ಅಧ್ಯಕ್ಷರು, ಮೈಕ್ ಬಿಡದ ಆಂಟಿ, ಕೊನೆಗೆ ಹಲ್ಲಿನ ತಂತಿಯಿಂದ ಎಂಜಲು ಹಾರಿಸುವ ನಾನೇ. ಎಲ್ಲರ ದನಿಯೂ ನನ್ನ ಗಂಟಲಲ್ಲಿ ಬಾಡಿಗೆಗೆ ಇತ್ತು. ನಮ್ಮ ಪಕ್ಕದ ಮನೆಯ ನಾರ್ಮನ್ ಟ್ರಿಗ್ ಅವರ ದನಿಯೊಂದನ್ನು ಬಿಟ್ಟು.

ನಾರ್ಮನ್ ಅಂಕಲ್‌ಗೆ ಆಗ ಎಪ್ಪತ್ತು ದಾಟಿತ್ತು. ಇಂಗ್ಲೆಂಡಿನವರು. ಮಗಳು ಜಿಲ್ ಕೆಲಸದ ಮೇಲೆ ಬ್ರಿಸ್ಬೇನಿನ ಕ್ಯಾಲಮ್‌ವೇಲಿಗೆ ಹೊರಟುಹೋಗಿದ್ದಳು. ಆಕೆ ಕಟ್ಟಿಸಿದ ಮನೆಯಲ್ಲಿ ಇವರೊಬ್ಬರೇ. ವೃತ್ತಿ ನಟನೆ. ಹಾಗೆಂದರೆ ನೀವು ಹೆಸರು ಕೇಳಿರುತ್ತೀರಿ ಎಂದಲ್ಲ. ನಲವತ್ತು ವರ್ಷ ನಾಟಕ, ಸಿನಿಮಾ, ಟೀವಿಗಳಲ್ಲಿ ಅವರು ಕಾನ್‌ಸ್ಟೇಬಲ್, ಬಟ್ಲರ್, ಅಂಚೆಯವನು, ಪಾದ್ರಿ, ಮತ್ತೆ ಕಾನ್‌ಸ್ಟೇಬಲ್. ಒಂದು ಭಾನುವಾರ ಅಮ್ಮ ಮಾಡಿದ ಚಿತ್ರಾನ್ನ ತಿನ್ನುತ್ತಾ ಅವರ ಹಳೆಯ ಟೇಪ್ ನೋಡಲು ಕೂತೆವು. ಮುಕ್ಕಾಲು ಗಂಟೆ ಕಳೆದರೂ ಅಂಕಲ್ ಬರಲಿಲ್ಲ.

"ಎಲ್ಲಿ ಅಂಕಲ್ ನೀವು?" ಎಂದೆ.

"ಇಗೋ ಬಂದೆ. ಅಲ್ಲಿ, ಬಾಗಿಲ ಹತ್ತಿರ. ಅದು ನನ್ನ ಮೊಣಕೈ."

ಮೊಣಕೈ ಬಾಗಿಲು ತೆಗೆಯಿತು. "ಈ ಕಡೆ ಬನ್ನಿ ಸರ್" ಎಂದಿತು. ಮುಗಿಯಿತು. ಅವರ ವೃತ್ತಿಜೀವನದ ಅರ್ಧ ಮಾತು ಅದೇ, "ಈ ಕಡೆ ಬನ್ನಿ ಸರ್." ಅವರು ಆಡಿದ್ದೆಲ್ಲ ಇಂಗ್ಲಿಷಿನಲ್ಲೇ, ನನ್ನ ನೆನಪಿನಲ್ಲಿ ಮಾತ್ರ ಅದು ಕನ್ನಡವಾಗಿಯೇ ಕೂತುಬಿಟ್ಟಿದೆ.

ಒಂದೇ ಒಂದು ಸಲ ಅವರಿಗೆ ದೊಡ್ಡ ಪಾತ್ರ ಹತ್ತಿರ ಬಂದಿತ್ತಂತೆ. ನಾಟಕ ಕಂಪನಿಯ ಜೊತೆ ಅಡಿಲೇಡಿಗೆ ಬಂದಾಗ ನಾಯಕನಿಗೆ ಜ್ವರ. ಇವರು ಬಣ್ಣ ಹಚ್ಚಿ, ಕಿರೀಟ ಇಟ್ಟು, ಪರದೆಯ ಹಿಂದೆ ನಿಂತಾಗಿತ್ತು. ಐದು ನಿಮಿಷ ಇದೆ ಎನ್ನುವಾಗ ನಾಯಕನಿಗೆ ಜ್ವರ ಬಿಟ್ಟಿತು. "ಕಿರೀಟ ಇನ್ನೂ ಬೆಚ್ಚಗಿತ್ತು. ಅವನು ಥ್ಯಾಂಕ್ಸ್ ಕೂಡ ಹೇಳಿದ" ಎಂದು ನಕ್ಕರು. ಅಲ್ಲಿ ಇವರ ತಲೆಯ ಅಳತೆಗೆ ಕಿರೀಟ ಹೊಲಿದುಕೊಟ್ಟ ಹುಡುಗಿಯನ್ನೇ ಮದುವೆಯಾಗಿ ಆಸ್ಟ್ರೇಲಿಯಾದಲ್ಲಿ ಉಳಿದರು. ಆಕೆ ತೀರಿಕೊಂಡು ಬಹಳ ವರ್ಷಗಳಾಗಿದ್ದವು.

ಆ ವರ್ಷ ಸಂಘದ ನಾಟಕ ಬರೆದವರು ಶಿವಸ್ವಾಮಿ ಅಂಕಲ್. ವಾರವೆಲ್ಲ ಗಣಿಯಲ್ಲಿ ಕಲ್ಲು ಪರೀಕ್ಷಿಸುವ ಭೂವಿಜ್ಞಾನಿ, ವಾರಾಂತ್ಯದಲ್ಲಿ ನಾಟಕಕಾರ. ಪಾಳೆಯಗಾರ ರಾಣಿಯೊಬ್ಬಳು, ಕಪ್ಪ ಕೇಳಲು ಬರುವ ಬ್ರಿಟಿಷ್ ಕಲೆಕ್ಟರ್, ಯುದ್ಧ, ಗುಂಡೇಟು ತಿಂದ ಕಲೆಕ್ಟರನ ಸಾವು. ಅಮ್ಮನೇ ರಾಣಿ. ಬೇರೆ ವರ್ಷಗಳಾಗಿದ್ದರೆ ಯಾರೋ ಒಬ್ಬ ಸಾಫ್ಟ್‌ವೇರ್ ಅಂಕಲ್ ಮುಖಕ್ಕೆ ಗುಲಾಬಿ ಪೌಡರ್ ಬಳಿದುಕೊಂಡು ಕಲೆಕ್ಟರ್ ಆಗಿಬಿಡುತ್ತಿದ್ದರು.

"ಪಕ್ಕದ್ಮನೇಲೇ ಒರಿಜಿನಲ್ ಇರ್ಬೇಕಾದ್ರೆ ಪೌಡರ್ ಯಾಕ್ರೀ?" ಎಂದಳು ಅಮ್ಮ.

ನಾರ್ಮನ್ ಅಂಕಲ್ ಕೇಳಿದ್ದು ಒಂದೇ ಪ್ರಶ್ನೆ. "ನಾನು ಸಾಯುವ ಮೊದಲು ಮಾತಾಡುತ್ತೇನೆಯೇ?"

"ನಾಲ್ಕು ವಾಕ್ಯ ಇದೆ" ಎಂದರು ಶಿವಸ್ವಾಮಿ ಅಂಕಲ್.

ಮುದುಕರು ಕುರ್ಚಿಯ ಕೈ ಹಿಡಿದುಕೊಂಡರು. ಅಲ್ಲಿಯವರೆಗೆ ಅವರು ಹೆಣವಾಗಿ ನಟಿಸಿದ್ದರೇ ಹೊರತು ಯಾರೂ ಅವರನ್ನು ಸಾಯುವುದಕ್ಕೆ ಬಿಟ್ಟಿರಲಿಲ್ಲ. ಆ ನಾಲ್ಕು ವಾಕ್ಯ ಹೀಗಿತ್ತು: "ಈ ಮಣ್ಣು ನನ್ನದಲ್ಲ. ಈ ಬಿಸಿಲು ನನ್ನದಲ್ಲ. ಯಾರಾದರೂ ನನ್ನನ್ನು ಕೇಳಿಕೊಂಡು ಬಂದರೆ ಹೇಳಿ. ಬಂದಿದ್ದ, ಹೋದ."

"ಇದು ಕಲೆಕ್ಟರ್ ಮಾತಲ್ಲ, ನಿಮ್ಮ ವೀಸಾ ಅರ್ಜಿ ಮಾತು" ಎಂದು ಅಮ್ಮ ಶಿವಸ್ವಾಮಿ ಅಂಕಲ್‌ರನ್ನು ರೇಗಿಸಿದಳು. ಅವರು ನಗಲಿಲ್ಲ.

ಕನ್ನಡ ಹೇಳಿಕೊಡುವ ಕೆಲಸ ನನ್ನ ತಲೆಗೆ ಬಂತು. ಎರಡು ತಿಂಗಳು ದಿನಾ ಆರ್ವೋ, ಎಂದರೆ ಶಾಲೆ ಬಿಟ್ಟ ಮೇಲಿನ ಹೊತ್ತು, ನಮ್ಮ ಗ್ಯಾರೇಜಿನಲ್ಲಿ ತಾಲೀಮು. ಟೈರಿನ ವಾಸನೆ, ಅದರ ಮೇಲೆ ಅಮ್ಮ ಕರಿಯುವ ಮಜ್ಜಿಗೆ ಮೆಣಸಿನಕಾಯಿಯ ಘಾಟು. ಅಂಕಲ್ ಅದನ್ನು ಬಿಸ್ಕತ್ತಿನ ಹಾಗೆ ಕಚ್ಚಿ, ಕಣ್ಣೀರು ಸುರಿಸಿಕೊಂಡು, ಇನ್ನೊಂದು ಕೊಡಿ ಎನ್ನುತ್ತಿದ್ದರು. ಪುಟ್ಟ ಪುಸ್ತಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದುಕೊಂಡಿದ್ದರು. ಸುಮುಖ ಎನ್ನಲು ಬಾರದೆ ನನ್ನನ್ನು ಸ್ಮೋಕಿ ಎನ್ನುತ್ತಿದ್ದರು.

"ಸ್ಮೋಕಿ, ಮಾತುಗಳು ಒಂದರ ಕೈ ಒಂದು ಹಿಡಿದುಕೊಂಡು ರಸ್ತೆ ದಾಟುವ ಮಕ್ಕಳ ಹಾಗೆ. ಒಂದು ಕೈ ಬಿಟ್ಟರೆ ಸಾಕು, ಎಲ್ಲವೂ ಕಳೆದುಹೋಗುತ್ತವೆ" ಎಂದರು ಒಂದು ದಿನ. ಆಮೇಲೆ ತಲೆಯನ್ನು ಬೆರಳಿನಿಂದ ತಟ್ಟಿ, "ಈಚೆಗೆ ಇಲ್ಲಿ ಕೈಗಳು ಸಡಿಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಮರೆಯುತ್ತೇನೆ. ಜಿಲ್‌ಗೆ ಗೊತ್ತಾದರೆ ನನ್ನನ್ನು ಇಲ್ಲಿಂದ ಎತ್ತಿಕೊಂಡು ಹೋಗುತ್ತಾಳೆ. ಅದಕ್ಕೇ ಈ ನಾಟಕ. ಇದನ್ನು ನೆಟ್ಟಗೆ ಹೇಳಿದರೆ ನನ್ನ ತಲೆ ಇನ್ನೂ ನನ್ನದೇ ಅಂತ" ಎಂದರು.

ಇಷ್ಟು ಗೊತ್ತಿದ್ದೂ ಮಾಡಿದೆ ನೋಡಿ, ಅದಕ್ಕೇ ಮೊದಲೇ ಒಪ್ಪಿಕೊಂಡಿದ್ದು.

ನನಗೆ ವಿದ್ಯೆಯನ್ನೂ ಹೇಳಿಕೊಟ್ಟರು. "ನೀನು ದನಿಯಿಂದ ಶುರು ಮಾಡುತ್ತೀಯ. ತಪ್ಪು. ಮೊದಲು ಅವನಿಗೆ ಬೂಟು ಎಲ್ಲಿ ಕಚ್ಚುತ್ತದೆ ನೋಡು." ಹಾಗೆಂದು ಒಂದು ಮಾತೂ ಆಡದೆ ಗ್ಯಾರೇಜಿನ ಈ ತುದಿಯಿಂದ ಆ ತುದಿಗೆ ನಡೆದರು. ಅಮ್ಮ ಒಳಗಿನಿಂದ ತಟ್ಟೆ ಹಿಡಿದು ಬಂದವಳು, "ಅಯ್ಯೋ, ಶಿವಸ್ವಾಮಿ!" ಎಂದು ಕಿರುಚಿದಳು. ಆದರೆ ಅವರ ಸ್ವಂತ ದನಿಯನ್ನು ಹಿಡಿಯಲು ನಾನು ಎಷ್ಟು ಹೆಣಗಿದರೂ ಆಗಲಿಲ್ಲ. ನಲವತ್ತು ವರ್ಷ ಬೇರೆಯವರಾಗಿದ್ದು, ಸ್ವಂತದ್ದು ಎಲ್ಲಿ ಇಟ್ಟರೋ ಅವರಿಗೇ ಗೊತ್ತಿರಲಿಲ್ಲವೇನೋ.

ನಾಟಕದ ಹಿಂದಿನ ದಿನ ಅಧ್ಯಕ್ಷರು ಬಂದು, ಮೂಗಿನಲ್ಲೇ, "ಈ ಸಲ ಟೈಮ್ ಇಲ್ಲ ಕಣೋ ಮರಿ, ನಿನ್ ಐಟಮ್ ಕಟ್" ಎಂದರು. ನನ್ನ ಹತ್ತು ನಿಮಿಷವನ್ನು ಕಲೆಕ್ಟರ್ ತಿಂದುಹಾಕಿದ್ದ.

ಬಾಡಿಗೆಗೆ ಹಿಡಿದ ಶಾಲೆಯ ಹಾಲ್. ಹಿಂದಿನ ಕೋಣೆಯಲ್ಲಿ ಮಲ್ಲಿಗೆ, ಬೆವರು, ಬಿಸಿಬೇಳೆಬಾತಿನ ವಾಸನೆ. ಅಂಕಲ್ ತಮ್ಮ ಬಣ್ಣ ತಾವೇ ಹಚ್ಚಿಕೊಂಡು, ಕೆಂಪು ಕೋಟು ತೊಟ್ಟು, ಪುಟ್ಟ ಪುಸ್ತಕ ತೆರೆದು ಕೂತಿದ್ದರು. ಒಂದು ಪದದ ತುದಿಯ ಮೇಲೆ ಎಣ್ಣೆ ಬಿದ್ದು ಅಕ್ಷರ ಕಲಸಿಹೋಗಿತ್ತು. ಯಾವುದೋ ಮೆಣಸಿನಕಾಯಿಯ ಎಣ್ಣೆ.

"ಸ್ಮೋಕಿ, ಇದರ ಕೊನೆ ಯಾವುದು? ಕಪ್ಪಾ? ಕಪ್ಪೇ?"

ಎರಡು ತಿಂಗಳು ಸರಿಯಾಗಿಯೇ ಹೇಳಿದ್ದ ಪದ. ಆ ಕ್ಷಣಕ್ಕೆ ಅನುಮಾನ ಬಂದಿತ್ತು, ಅಷ್ಟೇ. ನಾನು ಯೋಚಿಸಲೂ ಇಲ್ಲ.

"ಕಪ್ಪೆ" ಎಂದೆ.

ವೇದಿಕೆಯ ಮೇಲೆ ಅವರು ಕಾಲಿಟ್ಟಾಗ ಹಾಲ್ ತಾನಾಗಿಯೇ ಸುಮ್ಮನಾಯಿತು. ಪೌಡರ್ ಕಲೆಕ್ಟರ್‌ಗಳನ್ನು ನೋಡಿದ್ದ ಜನಕ್ಕೆ, ನಡಿಗೆಯಲ್ಲೇ ಒಂದು ಸಾಮ್ರಾಜ್ಯ ಬಂದು ನಿಂತ ಹಾಗಾಯಿತು. ರಾಣಿಯ ಎದುರು ನಿಂತು, ಕತ್ತಿಯ ಹಿಡಿಯ ಮೇಲೆ ಕೈಯಿಟ್ಟು, ಸ್ಪಷ್ಟ ಕನ್ನಡದಲ್ಲಿ ಗುಡುಗಿದರು:

"ರಾಣಿ! ನಾಳೆ ಸೂರ್ಯ ಮುಳುಗುವುದರೊಳಗೆ ನಮಗೆ ಕಪ್ಪೆ ಬೇಕು!"

ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಪಿಯಾರಾ ವಾಟರ್ಸಿಗೆ ಬಾರಪ್ಪಾ, ಬೇಕಾದಷ್ಟಿದಾವೆ!"

ಹಾಲ್ ಒಡೆದುಹೋಯಿತು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು, ಭುಜ ಕುಣಿಯುತ್ತಿತ್ತು. ಮಕ್ಕಳೆಲ್ಲ ಡುರ್ರ್ ಎನ್ನತೊಡಗಿದರು. ಆ ಡುರ್ರ್ ಅವರಿಗೆ ಕಲಿಸಿದವನೂ ನಾನೇ. ಅಂಕಲ್ ಜನರತ್ತ ನೋಡಿದರು, ಅಮ್ಮನತ್ತ ನೋಡಿದರು. ಎಲ್ಲಿ ತಪ್ಪಿದೆ ಎಂದು ಅವರಿಗೆ ತಿಳಿಯಲಿಲ್ಲ. ನಗು ನಿಂತ ಮೇಲೂ ಮುಂದಿನ ಮಾತು ಬರಲಿಲ್ಲ. ಪರದೆಯ ಸಂದಿಯಿಂದ ಶಿವಸ್ವಾಮಿ ಅಂಕಲ್ ಪಿಸುಗುಟ್ಟಿದರು, ಆಮೇಲೆ ಜೋರಾಗಿಯೇ ಹೇಳಿಕೊಟ್ಟರು. ಕೈ ಬಿಟ್ಟಿತ್ತು. ರಸ್ತೆಯ ನಡುವೆ ಮಕ್ಕಳೆಲ್ಲ ಕಳೆದುಹೋಗಿದ್ದರು. ಗುಂಡಿನ ಸದ್ದು ಹೇಗೋ ಬಂತು. ಅಂಕಲ್ ಒಪ್ಪವಾಗಿ ಬಿದ್ದರು. ಒಂದು ಮಾತೂ ಆಡದೆ, ಎಂದಿನ ಹಾಗೆ ಹೆಣವಾದರು.

"ಟ್ರ್ಯಾಜಿಡಿ ಬರ್ದಿದ್ದೆ ಕಣ್ರೀ ನಾನು" ಎಂದು ಶಿವಸ್ವಾಮಿ ಅಂಕಲ್ ಒಳಗೆ ಗೋಡೆಗೆ ಹೇಳಿಕೊಳ್ಳುತ್ತಿದ್ದರು.

ಮನೆಗೆ ಬರುವಾಗ ಕಾರಿನಲ್ಲಿ ಅಂಕಲ್ ಅಮ್ಮನ ಪಕ್ಕ ಕೂತಿದ್ದರು, ಕೆಂಪು ಕೋಟಿನಲ್ಲೇ. ನಾನು ಹಿಂದೆ.

"ನಾನು ಏನು ಹೇಳಿದೆ?" ಎಂದು ಕೇಳಿದರು.

ಅಮ್ಮ ಮೆಲ್ಲಗೆ ಅರ್ಥ ಹೇಳಿದಳು. ಅವರು ಕೋಟಿನ ಗುಂಡಿ ಒಂದೊಂದಾಗಿ ಬಿಚ್ಚಿದರು. "ಎರಡು ತಿಂಗಳು ಸರಿಯಾಗಿತ್ತು, ಅಲ್ಲವೇ? ಇವತ್ತು ಹೋಯಿತು. ಹಾಗಾದರೆ ಶುರುವಾಗಿದೆ" ಎಂದರು. ಕೋಣೆಯಲ್ಲಿ ನನ್ನನ್ನು ಕೇಳಿದ್ದೇ ಅವರಿಗೆ ನೆನಪಿರಲಿಲ್ಲ.

ನಾನು ಆಗ ಬಾಯಿ ಬಿಡಬೇಕಿತ್ತು. ಊರಿನವರ ದನಿಯೆಲ್ಲ ಇದ್ದ ಗಂಟಲಲ್ಲಿ ನನ್ನದೊಂದು ಸಿಗಲಿಲ್ಲ. ಹೊಂಡದ ಪಕ್ಕ ಹಾದಾಗ ಕಪ್ಪೆಗಳು ಗೇರ್ ಬದಲಿಸುತ್ತಿದ್ದವು. ಅಮ್ಮ ಕಿಟಕಿ ಏರಿಸಿದಳು.

ಮಾರನೆಯ ವಾರ ಅವರೇ ಜಿಲ್‌ಗೆ ಫೋನ್ ಮಾಡಿದರಂತೆ. ಜನವರಿಯಲ್ಲಿ ಮನೆ ಖಾಲಿಯಾಯಿತು. ಟೇಪುಗಳೆಲ್ಲ ರಸ್ತೆಯಂಚಿನ ಕಸದ ರಾಶಿಯ ಮೇಲೆ ಬಿದ್ದಿದ್ದವು. ಒಂದನ್ನು ಎತ್ತಿಕೊಂಡು ಬಂದೆ.

ಆರು ವರ್ಷದ ಮೇಲೆ, ನನ್ನ ಹದಿನೇಳನೆಯ ವಯಸ್ಸಿನಲ್ಲಿ, ಅಪ್ಪ ಅಮ್ಮನ ಜೊತೆ ಬ್ರಿಸ್ಬೇನಿಗೆ ಹೋದಾಗ ಅವರನ್ನು ನೋಡಲೇಬೇಕೆಂದು ಹಠ ಹಿಡಿದೆ. ಅಷ್ಟರಲ್ಲಿ ನಮ್ಮ ಹ್ಯಾರಿಸ್‌ಡೇಲಿನ ಹೊಂಡ ಮುಚ್ಚಿ ಅಂಗಡಿ ಸಾಲು ಎದ್ದಿತ್ತು. ಪೆಟ್ರೋಲಿಗೆ ನಿಲ್ಲುವ ಸರ್ವೋದಲ್ಲಿ ನಿಜವಾದ ಬೈಕುಗಳೇ ಡುರ್ರ್ ಎನ್ನುತ್ತಿದ್ದವು. ಸಂಘದಲ್ಲಿ ನಾಟಕ ನಿಂತುಹೋಗಿ, ಮಕ್ಕಳು ಸಿನಿಮಾ ಹಾಡಿಗೆ ಕುಣಿಯುತ್ತಿದ್ದರು. ಶಿವಸ್ವಾಮಿ ಅಂಕಲ್ ಮತ್ತೆ ಏನೂ ಬರೆಯಲಿಲ್ಲ. ನನ್ನ ಹತ್ತಿರ ಇದ್ದ ಟೇಪನ್ನು ಹಾಕಿ ನೋಡುವ ಪೆಟ್ಟಿಗೆ ಯಾರ ಮನೆಯಲ್ಲೂ ಉಳಿದಿರಲಿಲ್ಲ. ಒಳಗೆ ಒಂದು ಮೊಣಕೈ ಇದೆ ಎಂದು ನಾನೊಬ್ಬ ನಂಬಿಕೊಂಡಿದ್ದೆ. ಉಳಿದದ್ದು ಇಷ್ಟು: ಆರು ವರ್ಷ ಕನ್ನಡಿಯ ಮುಂದೆ ಹೆಣಗಿ, ಬೂಟು ಎಲ್ಲಿ ಕಚ್ಚುತ್ತಿತ್ತೆಂದು ಯೋಚಿಸಿ ಯೋಚಿಸಿ, ನಾರ್ಮನ್ ಟ್ರಿಗ್ ಅವರ ದನಿ ಕೊನೆಗೂ ನನಗೆ ಸಿಕ್ಕಿತ್ತು.

ಕ್ಯಾಲಮ್‌ವೇಲಿನ ಮನೆಯ ಹಿಂದಿನ ವರಾಂಡದಲ್ಲಿ ಅವರು ಕೂತಿದ್ದರು. ಜಿಲ್ ಮೊದಲೇ ಹೇಳಿದ್ದಳು: "ಈಗ ನನ್ನನ್ನೂ ನರ್ಸ್ ಅಂದುಕೊಳ್ಳುತ್ತಾನೆ. ಬೇಜಾರು ಮಾಡಿಕೊಳ್ಳಬೇಡ."

ನಾನು ಎದುರು ಕೂತು ಎಲ್ಲ ಹೇಳಿದೆ. ಪುಸ್ತಕ, ಎಣ್ಣೆಯ ಕಲೆ, ಕಪ್ಪ, ಕಪ್ಪೆ. ತಪ್ಪು ನಿಮ್ಮ ತಲೆಯದಲ್ಲ, ನನ್ನ ನಾಲಿಗೆಯದು ಎಂದೆ. ಅವರು ಹವಾಮಾನ ವರದಿ ಕೇಳುವವರಂತೆ ಮರ್ಯಾದೆಯಿಂದ ಕೇಳಿಸಿಕೊಂಡರು. ಏನೂ ತಲುಪಲಿಲ್ಲ. ಆಗ ಇನ್ನೊಂದು ದಾರಿ ಹೊಳೆಯಿತು. ಎದ್ದು ನಿಂತೆ. ಬಲಗಾಲಿನ ಹೆಬ್ಬೆರಳಿಗೆ ಬೂಟು ಕಚ್ಚುತ್ತಿರುವವನ ಹಾಗೆ ಎರಡು ಹೆಜ್ಜೆ ನಡೆದೆ. ಅವರ ದನಿಯಲ್ಲಿ, ಅವರ ಉಸಿರು ನಿಲ್ಲುತ್ತಿದ್ದಲ್ಲೇ ನಿಲ್ಲಿಸಿ, ಅವರಿಗೆ ಆಡಲು ಸಿಗದ ಆ ನಾಲ್ಕೂ ವಾಕ್ಯ ಹೇಳಿದೆ. ಈ ಮಣ್ಣು ನನ್ನದಲ್ಲ. ಈ ಬಿಸಿಲು ನನ್ನದಲ್ಲ. ಯಾರಾದರೂ ನನ್ನನ್ನು ಕೇಳಿಕೊಂಡು ಬಂದರೆ ಹೇಳಿ. ಬಂದಿದ್ದ, ಹೋದ.

ಜಿಲ್ ಬಾಗಿಲಲ್ಲಿ ನಿಂತವಳು ಮುಖ ತಿರುಗಿಸಿಕೊಂಡಳು. ಮುದುಕರ ಕಣ್ಣು ಮಾತ್ರ ಒಂದು ಕ್ಷಣ ಚುರುಕಾಯಿತು. ಗ್ಯಾರೇಜಿನಲ್ಲಿ ನನ್ನ ತಪ್ಪು ಹಿಡಿಯುತ್ತಿದ್ದ ಕಣ್ಣೇ ಅದು. ಸ್ವಲ್ಪ ಮುಂದಕ್ಕೆ ಬಾಗಿದರು.

"ಚೆನ್ನಾಗಿ ಮಾಡುತ್ತೀಯ ಮಗು. ಆದರೆ ಜನ ಹೆಸರು ಕೇಳಿರುವ ಯಾರದ್ದಾದರೂ ದನಿ ಮಾಡು."