ಹತ್ತಿ ಕೇಸಿಗೆ ಚಿಗವ್ವನ ವಾಟಾ

ಆದೋನಿ ಮಾರ್ಕೆಟ್ಟಿನ ಹತ್ತಿ ರಾಶಿಗಳ ನಡುವೆ ನಿಂತರೆ ನನಗೆ ಈಗಲೂ ನಮ್ಮ ಚಿಗವ್ವ ನೆನಪಾಗುತ್ತಾಳೆ. ಅವ್ವನ ತಂಗಿ; ನಮ್ಮೂರು ಪೆದ್ದಕಡುಬೂರಿನಲ್ಲಿ ಕಂಡವರ ಹೊಲದಲ್ಲಿ ಹತ್ತಿ ಬಿಡಿಸಿ ಬದುಕಿದಾಕೆ. ಅವಳಿಗೆ ಒಂದು ಸೆಂಟು ನೆಲವೂ ಇರಲಿಲ್ಲ.

ಆ ವರ್ಷ ಖರೀದಿದಾರರೆಲ್ಲ ಒಳಗೊಳಗೇ ಮಾತಾಡಿಕೊಂಡು, ಪ್ರತಿ ರಾಶಿಗೆ ತಾವು ಕೂಗುವ ಬೆಲೆ ಬರೆದು ಹಾಕುವ ಚೀಟಿಯಲ್ಲಿ ಒಂದೇ ರೇಟು ಬರೆಯುತ್ತಿದ್ದರು. ಹೀಗೆ ಕೂಡಿಕೊಂಡು ಬೆಲೆ ಇಳಿಸುವವರನ್ನು ವಿಚಾರಿಸಲು ದಿಲ್ಲಿಯಲ್ಲಿ ಆಯೋಗವೊಂದಿದೆ ಎಂದರು ನಾವು ಕೇಳಲು ಹೋದ ವಕೀಲರು. ಗೆದ್ದರೂ ಖರ್ಚು ವಾಪಸು ಬರುವುದಿಲ್ಲ ಎಂದೂ ಹೇಳಿದರು. ಆದರೂ ಊರವರು ಕೇಸು ಹಾಕಿಯೇ ಬಿಡೋಣ ಎಂದರು. ಯಾರು ಎಷ್ಟು ಕೊಡಬೇಕೆಂಬ ಪಟ್ಟಿ ಬರೆಯುವ ಕೆಲಸ, ಸ್ಕೂಲ್ ಮೇಷ್ಟ್ರಾದ ನನ್ನ ತಲೆಗೆ ಬಂತು. ಬೋರಿನ ಮೋಟಾರು ಸುಟ್ಟಾಗ ಮಾಡುವಂತೆ ಎಕರೆ ಲೆಕ್ಕದಲ್ಲಿ ಹಂಚಿದೆ. ವಾಟಾ, ಅಂದರೆ ತಮ್ಮ ಪಾಲಿನ ದುಡ್ಡು, ಕೊಟ್ಟವರಿಗೆ ಮಾತ್ರ ಊರ ಕಟ್ಟೆಯ ಮೇಲೆ ಮಾತು. ಕೊಟ್ಟವರೆಲ್ಲ ಒಪ್ಪದೆ ಏನೂ ಆಗದು. ಅದು ನಮ್ಮೂರ ರೂಢಿ. ಕೂಲಿಯವರನ್ನು ಪಟ್ಟಿಯಿಂದ ಬಿಟ್ಟು, ದೊಡ್ಡ ಉಪಕಾರ ಮಾಡಿದೆನೆಂದು ಬೀಗಿದ್ದೆ.

ಚಿಗವ್ವ ಮನೆಗೇ ಬಂದಳು. "ನನ್ ಹೆಸರೆಲ್ಲೈತಿ?"

"ನಿನಗ್ಯಾಕ ಚಿಗವ್ವ? ಹೊಲ ಇದ್ದೋರು ಕೊಡ್ತಾರ."

"ರೇಟು ಬಿದ್ರ ಮೊದ್ಲು ಯಾರ ಕೂಲಿ ಕಡೀತಾರ? ಬರಕೋ ಸುಮ್ನ."

ಸೆರಗಿನ ಗಂಟು ಬಿಚ್ಚಿ ಒಂದು ದಿನದ ಕೂಲಿ ಟೇಬಲ್ ಮೇಲಿಟ್ಟಳು. ನಾನು ಪಟ್ಟಿಯ ಕೊನೆಗೆ ಅವಳ ಹೆಸರು ಬರೆದುಕೊಂಡೆ.

ಕೇಸು ಎಳೆಯಿತು. ದಿಲ್ಲಿಗೆ ಓಡಾಡಿ ಎಲ್ಲರೂ ಸುಸ್ತಾದರು. ಆಗ ವ್ಯಾಪಾರಿಗಳ ಕಡೆಯವನೊಬ್ಬ ಬಂದು, ಕೇಸಿನ ಬೆನ್ನು ಬಿಟ್ಟರೆ ಅವರವರ ಖರ್ಚು ಅವರವರಿಗೆ ಕೊಡುತ್ತೇವೆಂದ. ಕಟ್ಟೆಯ ಮೇಲಿದ್ದವರೆಲ್ಲ ಹೂಂ ಎಂದರು. ನಾನೂ ಎಂದೆ, ಸುಳ್ಳೇಕೆ ಹೇಳಲಿ. ಕೊನೆಯಲ್ಲಿ ಕೂತಿದ್ದ ಚಿಗವ್ವ ಮಾತ್ರ ಒಲ್ಲೆನೆಂದು ತಲೆಯಾಡಿಸಿದಳು.

"ನನ್ನ ವಾಟಾ ನಾ ವಾಪಸ್ ತಗಳಂಗಿಲ್ಲರಿ. ಕೇಸು ನಡೀಲಿ."

ಯಾರೋ ನಕ್ಕರು. ಆಮೇಲೆ ಅವರಿಗೂ ನಗು ಬರಲಿಲ್ಲ. ವಾಟಾ ಕೊಟ್ಟವರಲ್ಲಿ ಒಬ್ಬಳು ಒಪ್ಪದಿದ್ದರೂ ಮಾತು ಮುರಿದಂತೆಯೇ. ಬಂದವನು ಚಹಾ ಕುಡಿದು ಹೊರಟ.

ತೀರ್ಪು ನಮ್ಮ ಕಡೆ ಬಂತು. ಖರ್ಚಿನ ಒಂದು ಪೈಸೆಯೂ ಬರಲಿಲ್ಲ. ಆದರೆ ಮುಂದಿನ ಸುಗ್ಗಿಯಲ್ಲಿ ನಮ್ಮ ಒಂದೇ ರಾಶಿಗೆ ಮೂರು ಬೇರೆ ಬೇರೆ ರೇಟಿನ ಚೀಟಿ ಬಂದವು. ಬಿಡಿಸುವ ಕೂಲಿಯೂ ಕಿಲೋಗೆ ಒಂದು ರೂಪಾಯಿ ಏರಿತು. ಚೀಟಿಗಳನ್ನು ಓದಿ ಹೇಳಿದಾಗ ಚಿಗವ್ವ, "ಇನ್ನೊಮ್ಮೆ ಓದಪಾ" ಅಂದಳು. ಮೂರು ಸಲ ಓದಿಸಿದಳು. ಎಂಥ ಹಿಗ್ಗು ಆ ಮುಖದಲ್ಲಿ!

ಈಗ ಅವಳಿಲ್ಲ. ಪಟ್ಟಿ ನನ್ನ ಬೀರುವಿನಲ್ಲಿದೆ. ಆಗಾಗ ತೆಗೆದು ನೋಡುತ್ತೇನೆ. ಕೊನೆಯ ಸಾಲಿನಲ್ಲಿ ಅವಳ ಹೆಸರು. ಎದುರಿಗೆ, ಎಕರೆ ಎಷ್ಟು ಎಂಬಲ್ಲಿ, ನನ್ನದೇ ಕೈಬರಹದ ಸೊನ್ನೆ.