ಯೋಹಾನಣ್ಣನಿಗೆ ಹಚ್ಚಿದ ಫೋನು

ಹಾನಗಲ್ಲಿನ ಸಮುದಾಯ ಭವನದಲ್ಲಿ ಯೋಹಾನಣ್ಣನ ಶ್ರದ್ಧಾಂಜಲಿ ಸಭೆ. ಗುಣಗಾನ ಮಾಡಲು ಹನ್ನೊಂದು ಜನ ಭಾಷಣಕಾರರು ಇಸ್ತ್ರಿ ಅಂಗಿ ತೊಟ್ಟು ಬಂದಿದ್ದೆವು. ಕುರ್ಚಿಗಳು ಮಾತ್ರ ಗೋಡೆಯ ಬದಿಗೆ ಪೇರಿಸಿಟ್ಟಂತೆಯೇ ಇದ್ದವು. “ಯಾರರೆ ಕುರ್ಚಿ ಹಾಕ್ರೆಪಾ” ಎಂದು ಎಲ್ಲರೂ ಎಲ್ಲರಿಗೂ ಹೇಳಿದೆವು. ಯಾರೂ ಕೈ ಹಚ್ಚಲಿಲ್ಲ.

ಬೇಸತ್ತು ನಾನು ಮೊಬೈಲ್ ತೆಗೆದೆ. ಮದುವೆ, ಉರುಸು, ರಕ್ತದಾನ ಶಿಬಿರ, ಏನೇ ಇರಲಿ, ಕುರ್ಚಿ ಎಂದೊಡನೆ ನನ್ನ ಬೆರಳು ತಾನಾಗಿ ಒತ್ತುವ ನಂಬರ್ ಒಂದೇ; ಅವತ್ತೂ ಅದನ್ನೇ ಒತ್ತಿತು. ಚರ್ಚಿನ ಸ್ವಯಂಸೇವಕ ಯೋಹಾನಣ್ಣ ಬೆಳಿಗ್ಗೆ ಇಬ್ಬರು ಹೆಣ್ಣುಮಕ್ಕಳಿಗೆ ಜಡೆ ಹಾಕಿ, ಶಾಲೆಗೆ ಬಿಟ್ಟು, ನೇರ ನಮ್ಮ ಕೆಲಸಕ್ಕೆ ಬರುತ್ತಿದ್ದರು. ತಾವು ಹಾಕಿದ ಕುರ್ಚಿಯ ಮೇಲೆ ಅವರು ಕೂತದ್ದನ್ನು ನಾನು ನೋಡಿಲ್ಲ. ಕೂಡ್ರಿ ಎಂದು ನಾವ್ಯಾರೂ ಹೇಳಿದ್ದೂ ಇಲ್ಲ.

ಎಲ್ಲೋ ರಿಂಗಾಯಿತು. ಕೂರಲು ಜಾಗವಿಲ್ಲದೆ ಬಾಗಿಲ ಬಳಿ ನಿಂತಿದ್ದ ಅವರ ಹೆಂಡತಿ, ಕೈಚೀಲದಿಂದ ಗಂಡನ ಫೋನು ತೆಗೆದರು. ಅದನ್ನು ನೋಡಿದರು, ನನ್ನನ್ನು ನೋಡಿದರು, ಕಿವಿಗೆ ಹಚ್ಚಿಕೊಂಡರು.

“ಹೇಳ್ರಿ ಸರ್. ಅವರು ಇವತ್ತ ಬರಾಂಗಿಲ್ರಿ. ಎಷ್ಟ ಕುರ್ಚಿ ಬೇಕಾಗಿತ್ತ್ರಿ?”

ಹನ್ನೊಂದೂ ಜನ ಕುರ್ಚಿಗಳತ್ತ ಓಡಿದೆವು. ಆಮೇಲೆ ನಾನು ‘ನನ್ನ ಆಪ್ತಮಿತ್ರ’ ಎಂದು ಶುರುವಾಗುವ ಎರಡು ಪುಟದ ಭಾಷಣವನ್ನೂ ಓದಿದೆ, ಚಪ್ಪಾಳೆಯೂ ಬಿತ್ತು. ಮನೆಗೆ ಬಂದು ನಂಬರ್ ಅಳಿಸಲು ಹೋದರೆ, ಆ ಆಪ್ತಮಿತ್ರನ ಹೆಸರು ನನ್ನ ಮೊಬೈಲಿನಲ್ಲಿ ‘ಕುರ್ಚಿ ಯೋಹಾನ’ ಎಂದಿತ್ತು.